ಹುಲ್ಲು ಸುತ್ತುವ ಮಿಷನ್ನು

ಸೀರೆ ಅಂಗಡಿಗೆ ಹೋದ ಹೆಂಗಸರು ಐವತ್ತು ಸೀರೆ ಬಿಡಿಸಿ ಹಾಕಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ಕಟ್ಟಿಸಿಕೊಂಡು ಬರುತ್ತಾರೆ ಎಂದು ಗಂಡಸರು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ ಬಿಡಿ. ಉಳಿದ ನಲವತ್ತೊಂಬತ್ತನ್ನು ನೋಡದೆ ಮೊದಲನೆಯದೇ ಮೇಲು ಎಂದು ತಿಳಿಯುವುದಾದರೂ ಹೇಗೆ? ಬಣ್ಣ ಬಿಡುತ್ತದೆಯೇ, ಸೆರಗು ಎಷ್ಟುದ್ದ, ಒಗೆದರೆ ಕುಗ್ಗುತ್ತದೆಯೇ, ಕೊಟ್ಟ ದುಡ್ಡಿಗೆ ಎಷ್ಟು ವರ್ಷ ಬಾಳಿಕೆ ಬರುತ್ತದೆ, ಇಷ್ಟನ್ನೂ ನಿಂತ ನಿಲುವಿನಲ್ಲೇ ಲೆಕ್ಕ ಹಾಕುವ ನಮಗೆ ಸೀರೆ ಬಿಟ್ಟು ಬೇರೇನನ್ನೂ ಆರಿಸಲು ಬಾರದು ಎಂದು ಯಾರು ಹೇಳಿದರೋ ಕಾಣೆ. 2023ರ ಬೇಸಿಗೆಯಲ್ಲಿ ಮೂರು ತಿಂಗಳು ನಾನೂ ನನ್ನ ತಂಗಿಯೂ ಸೇರಿ ಆರಿಸಿದ್ದು ಸೀರೆಯನ್ನಲ್ಲ, ಟ್ರಾಕ್ಟರನ್ನು. ಅದರ ಹಿಂದೆ ಕಟ್ಟಿಕೊಂಡು ಹೋಗುವ, ಹುಲ್ಲು ಸುತ್ತುವ ಮಿಷನ್ನನ್ನು.

ನಾನು ಬ್ಯಾಂಕಿನಲ್ಲಿ 31 ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾಗಿ ಮೈಸೂರಿನಲ್ಲಿ ಇರುವವಳು. ತಂಗಿಯನ್ನು ಕೊಟ್ಟದ್ದು ಪಾಂಡವಪುರದ ಹತ್ತಿರದ ಒಂದು ಹಳ್ಳಿಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರು. ಮೂರೂವರೆ ಎಕರೆ ಗದ್ದೆ, ಕರೆಯುವ ಸೀಮೆ ಹಸು ಎರಡು, ಒಂದು ಪಡ್ಡೆ. 2021ರಲ್ಲಿ ಅವಳ ಗಂಡ ತೀರಿಕೊಂಡರು. ಒಬ್ಬನೇ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಿಥಿ ಮುಗಿದ ಮೇಲೆ ಅವನು ಬಹಳ ಪ್ರೀತಿಯಿಂದಲೇ ಹೇಳಿದ, ಗದ್ದೆ ವಾರಕ್ಕೆ ಕೊಟ್ಟು, ಹಸು ಮಾರಿ, ತಾಯಿ ತನ್ನ ಜೊತೆ ಬಂದು ಇರಲಿ ಎಂದು. ಅವಳು ಒಪ್ಪಲಿಲ್ಲ.

“ಅಲ್ಲ ಕನಕ್ಕ, ಹಸ ಮಾರ್ಬುಟ್ರೆ ಬೆಳಿಗ್ಗೆ ಐದ್ ಗಂಟೆಗೆ ಎದ್ದು ನಾನೇನ್ ಮಾಡ್ಲಿ? ಗ್ವಾಡೆ ನೋಡ್ಕಂಡ್ ಕುಂತ್ಕಳ್ಳಾ?” ಎಂದು ನನ್ನನ್ನು ಕೇಳಿದಳು.

ಅದು ಬರೀ ಹೊತ್ತು ಕಳೆಯುವ ಮಾತಲ್ಲ. ಡೇರಿಗೆ ಹಾಲು ಹಾಕುವ ಹೆಂಗಸಿಗೆ ಬಟವಾಡೆಯ ದಿನ ಕೈಗೆ ಬರುವ ಹಣ ಅವಳದೇ ಹಣ. ಯಾರ ಮುಂದೆಯೂ ಕೈಯೊಡ್ಡದೆ ಔಷಧಿ ಕೊಳ್ಳಬಹುದು, ಮುಯ್ಯಿ ಮಾಡಬಹುದು, ಮೊಮ್ಮಗುವಿಗೆ ಕಾಲ್ಗಡಗ ಮಾಡಿಸಬಹುದು. ಮೂರು ರಾಸು ಉಳಿದರೆ ಅವಳು ಆ ಮನೆಯಲ್ಲಿ ಉಳಿಯುತ್ತಾಳೆ. ರಾಸು ಉಳಿಯಬೇಕಾದರೆ ಹುಲ್ಲು ಬೇಕು. ಇಡೀ ವಿಷಯ ಬಂದು ನಿಂತದ್ದು ಈ ಹುಲ್ಲಿನ ಮೇಲೆ.

ಹಿಂದೆ ಭತ್ತದ ಹುಲ್ಲು ಒಂದು ಸಮಸ್ಯೆಯೇ ಆಗಿರಲಿಲ್ಲ. ಕುಡುಗೋಲಿನಲ್ಲಿ ಕೊಯ್ದು, ಕಂತೆ ಕಟ್ಟಿ, ಕಣಕ್ಕೆ ಹೊತ್ತು, ಬಡಿದು, ಉಳಿದ ಹುಲ್ಲನ್ನು ಮನೆಯ ಹಿಂದೆ ಮೆದೆ ಒಟ್ಟುತ್ತಿದ್ದರು. ಚೆನ್ನಾಗಿ ಒಟ್ಟಿದ ಮೆದೆಗೆ ಮಳೆಯ ನೀರು ಇಳಿಯುತ್ತಿರಲಿಲ್ಲ. ಆದರೆ ಆ ಕೆಲಸಕ್ಕೆ ಈಗ ಆಳು ಎಲ್ಲಿ? ಸುಗ್ಗಿ ಬಂತೆಂದರೆ ತಮಿಳುನಾಡಿನ ಕಟಾವು ಮಿಷನ್ನುಗಳು ಊರಿಗೆ ಬಂದು ನಿಲ್ಲುತ್ತವೆ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಒಂದು ಕಡೆ ಭತ್ತ ಟ್ರೈಲರಿಗೆ ಸುರಿಯುತ್ತದೆ, ಇನ್ನೊಂದು ಕಡೆ ಹುಲ್ಲು ಸಾಲಾಗಿ ಗದ್ದೆಯಲ್ಲಿ ಬೀಳುತ್ತದೆ. ಆ ಹುಲ್ಲು ಮುರಿದು, ಸಿಕ್ಕುಗಟ್ಟಿ, ತಲೆ ಬಾಚದ ಹುಡುಗಿಯ ಕೂದಲಿನಂತೆ ಇರುತ್ತದೆ. ಕೈಯಲ್ಲಿ ಕಂತೆ ಕಟ್ಟಲು ಬರುವುದಿಲ್ಲ. ಹಾಗೇ ಬಿಟ್ಟರೆ ಇಬ್ಬನಿಗೆ ನೆನೆದು ಕೊಳೆಯುತ್ತದೆ. ಇಲ್ಲವೇ ಮುಂದಿನ ಉಳುಮೆಗೆ ಅಡ್ಡ ಎಂದು ಯಾರಾದರೂ ಬೆಂಕಿ ಹಚ್ಚುತ್ತಾರೆ.

2022ರ ಡಿಸೆಂಬರಿನಲ್ಲಿ ಏನಾಯಿತೆಂದರೆ, ತಂಗಿಯ ಗದ್ದೆ ಕಟಾವಾಗಿ ಹುಲ್ಲು ಸಾಲಿನಲ್ಲಿ ಬಿದ್ದಿತ್ತು. ಸುತ್ತುವ ಮಿಷನ್ನು ಬಾಡಿಗೆಗೆ ಬರಬೇಕಿತ್ತು. ನಾಳೆ, ನಾಡಿದ್ದು ಎಂದು ಐದು ದಿನ ಕಳೆಯಿತು. ಅಷ್ಟರಲ್ಲಿ ಮಾಂಡೌಸ್ ಚಂಡಮಾರುತದ ಮೋಡ ನಮ್ಮ ಕಡೆಗೂ ಬಂದು, ಬಿಟ್ಟೂ ಬಿಡದೆ ಜಿನುಗಿತು. ಹುಲ್ಲು ಕಪ್ಪಾಗಿ ಮುಗ್ಗಲು ಹಿಡಿಯಿತು. ಆ ವರ್ಷ ಅವಳು ಹೊರಗಿನಿಂದ ಹುಲ್ಲು ಕೊಂಡು ಹಾಕಿದಳು. ಹಾಲಿನ ಹಣ ಹುಲ್ಲಿಗೇ ಹೋಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದವಳು ಅಡಿಗೆಮನೆಯಲ್ಲಿ ನನ್ನ ಪಕ್ಕ ನಿಂತು, “ಅಕ್ಕ, ನಾನೇ ಒಂದ್ ಮಿಷನ್ ತಗತೀನಿ. ನೀನು ಲೆಕ್ಕ ನೋಡ್ಕೊಡು” ಎಂದಳು.

ಲೆಕ್ಕ ಎಂದರೆ ನನಗೆ ಹುರುಪು. ಮೊದಲ ಪ್ರಶ್ನೆ ಮಿಷನ್ನಿನದಲ್ಲ, ಹಸುವಿನದು. ಒಂದು ರಾಸು ದಿನಕ್ಕೆ ಒಣಹುಲ್ಲು ಎಷ್ಟು ತಿನ್ನುತ್ತದೆ? ಹಸಿರು ಮೇವು, ಹಿಂಡಿ, ಬೂಸ ಇದ್ದರೆ ಸುಮಾರು 5 ಕಿಲೋ ಸಾಕು ಎಂದಳು. ಮೂರಕ್ಕೆ 15 ಕಿಲೋ. ಗದ್ದೆಯಲ್ಲಿ ಸುತ್ತುವ ಸಣ್ಣ ರೋಲು ಒಂದರ ತೂಕವೂ ಅಷ್ಟೇ, ಹೆಚ್ಚುಕಡಿಮೆ 15 ಕಿಲೋ. ಅಂದರೆ ದಿನಕ್ಕೊಂದು ರೋಲು, ವರ್ಷಕ್ಕೆ 365. ಇಷ್ಟು ಸುಲಭದ ಲೆಕ್ಕ ನನ್ನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ಅವಳ ಗದ್ದೆಯಲ್ಲಿ ಎಕರೆಗೆ 50 ರೋಲು ಬಂದರೆ ಒಂದು ಬೆಳೆಗೆ 175. ನಾಲೆಯಲ್ಲಿ ಬೇಸಿಗೆಗೂ ನೀರು ಬಿಟ್ಟರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ. ಆಗ ಒಂದು ರೋಲು ಸುತ್ತಲು ಅವರ ಊರಿನಲ್ಲಿ 35 ರೂಪಾಯಿ ಬಾಡಿಗೆ ಇತ್ತು. ವರ್ಷವಿಡೀ ಬೇಕಾಗುವ 365ನ್ನೂ ಬಾಡಿಗೆಗೇ ಸುತ್ತಿಸಿದರೆ 12,775 ರೂಪಾಯಿ. ಬರೀ ತನ್ನ ಹುಲ್ಲಿಗಾಗಿ ಯಾರೂ ಲಕ್ಷಗಟ್ಟಲೆ ಕೊಟ್ಟು ಮಿಷನ್ನು ಕೊಳ್ಳಬೇಕಾಗಿಲ್ಲ ಎಂಬುದು ಈ ಒಂದು ಸಾಲಿನಲ್ಲೇ ಗೊತ್ತಾಯಿತು. ಕೊಂಡರೆ ಅದು ನಾಲ್ಕು ಜನರ ಗದ್ದೆಯಲ್ಲೂ ದುಡಿಯಬೇಕು.

ಬಾಡಿಗೆಗೆ ಸಿಗುವ ದಾರಿಯೂ ಇತ್ತು. 2014-15ರಿಂದ ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಎಂದು ಹೋಬಳಿಗಳಲ್ಲಿ ಯಂತ್ರ ಬಾಡಿಗೆ ಕೇಂದ್ರಗಳನ್ನು ತೆರೆದಿದ್ದಾರೆ. ರೋಟವೇಟರಿನಂಥದ್ದು ಎರಡು ದಿನ ತಡವಾಗಿ ಬಂದರೂ ಗದ್ದೆ ಎಲ್ಲಿಗೂ ಹೋಗುವುದಿಲ್ಲ. ಹುಲ್ಲಿನ ಕೆಲಸ ಹಾಗಲ್ಲ. ನಾಲೆಯ ಬಯಲಿನಲ್ಲಿ ಎಲ್ಲರ ಕಟಾವೂ ಅದೇ ಎರಡು ಮೂರು ವಾರಗಳಲ್ಲಿ ಆಗುತ್ತದೆ. ಒಂದು ಮಿಷನ್ನು ಯಾರದಾದರೂ ಆಗಿರಲಿ, ನೂರು ಗದ್ದೆಗೆ ಒಂದೇ ದಿನ ಹೋಗಲಾರದು. ಸರದಿಯಲ್ಲಿ ಹಿಂದೆ ಇದ್ದವರ ಹುಲ್ಲನ್ನು ಮೋಡವೇ ಮೊದಲು ನೋಡುತ್ತದೆ.

ಇನ್ನು ಮಿಷನ್ನಿನ ಜಾತಿ. ಇದರ ಮೂಲ ಹುಡುಕುತ್ತ ಹೋದಾಗ ನನಗೆ ತಮಾಷೆ ಎನಿಸಿದ್ದು ಗಂಟಿನ ವಿಷಯ. ದಾರಕ್ಕೆ ಗಂಟು ಹಾಕುವುದು ನಮಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಆದರೆ ಯಂತ್ರಕ್ಕೆ ಅದನ್ನು ಕಲಿಸಲು ಅಮೆರಿಕದ ಜಾನ್ ಆಪಲ್‌ಬಿ ಎಂಬಾತ 1870ರ ದಶಕದವರೆಗೂ ಹೆಣಗಬೇಕಾಯಿತು. ಚೌಕದ ಕಟ್ಟು ಕಟ್ಟುವ ಮಿಷನ್ನುಗಳಲ್ಲಿ ಇಂದಿಗೂ ಆ ಗಂಟು ಹಾಕುವ ಭಾಗವೇ ಬಹಳ ನಾಜೂಕು. ಗಂಟಿನ ಗೊಡವೆಯಿಲ್ಲದೆ ಹುಲ್ಲನ್ನು ಚಾಪೆಯಂತೆ ಸುತ್ತುವ ಉಪಾಯ ಹೂಡಿದವನು ನೆಬ್ರಾಸ್ಕಾ ಸೀಮೆಯ ಉಮ್ಮೊ ಲ್ಯೂಬೆನ್. 1910ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಆಲಿಸ್ ಚಾಮರ್ಸ್ ಕಂಪೆನಿ ಅದನ್ನು ಸುಧಾರಿಸಿ 1947ರಲ್ಲಿ ಸಣ್ಣ ರೋಲಿನ ಮಿಷನ್ನಾಗಿ ಮಾರುಕಟ್ಟೆಗೆ ತಂದಿತು. ನಮ್ಮ ಗದ್ದೆಗಳಲ್ಲಿ ಓಡಾಡುವ ಸಣ್ಣ ಸುತ್ತುವ ಮಿಷನ್ನುಗಳೂ ಅದೇ ವಂಶದವು.

ಚೌಕದ್ದು ಬೇಕೋ, ಸುತ್ತುವುದು ಬೇಕೋ? ಚೌಕದ ಕಟ್ಟನ್ನು ಇಟ್ಟಿಗೆಯಂತೆ ಜೋಡಿಸಬಹುದು. ಲಾರಿಗೆ ತುಂಬಿ ದೂರ ಕಳಿಸುವವರಿಗೆ ಅದೇ ಲೇಸು. ಆದರೆ ಮಿಷನ್ನು ಭಾರ, ಬೆಲೆ ಎಷ್ಟೋ ಪಾಲು ಹೆಚ್ಚು, ಎಳೆಯುವ ಟ್ರಾಕ್ಟರೂ ದೊಡ್ಡದಿರಬೇಕು. ವಿದೇಶದ ಚಿತ್ರಗಳಲ್ಲಿ ಕಾಣುವ ದೊಡ್ಡ ರೋಲುಗಳಂತೂ ನೂರಾರು ಕಿಲೋ ತೂಗುತ್ತವೆ. ಅವನ್ನು ಎತ್ತಲು ಇನ್ನೊಂದು ಯಂತ್ರ ಬೇಕು. ಸಣ್ಣ ರೋಲಾದರೆ ಐವತ್ತೆರಡು ವರ್ಷದ ನನ್ನ ತಂಗಿ ಕಾಲಿನಲ್ಲಿ ಉರುಳಿಸಿಕೊಂಡು ಹೋಗಬಲ್ಲಳು, ಒಬ್ಬಳೇ ಎತ್ತಿ ಅಟ್ಟಕ್ಕೆ ಒಗೆಯಬಲ್ಲಳು. ಇದಕ್ಕಿಂತ ದೊಡ್ಡ ಕಾರಣ ನಮಗೆ ಬೇಕಿರಲಿಲ್ಲ. ಸುತ್ತುವುದೇ ಎಂದು ತೀರ್ಮಾನವಾಯಿತು.

ಆಮೇಲೆ ಶುರುವಾದದ್ದು ಟ್ರಾಕ್ಟರಿನ ಪ್ರಕರಣ. ಮಂಡ್ಯ, ಮೈಸೂರುಗಳಲ್ಲಿ ನಾಲ್ಕು ಅಂಗಡಿ ಹತ್ತಿಳಿದೆವು. ಜೊತೆಗೆ ತಂಗಿಯ ಮೈದುನನ ಮಗನೂ ಬಂದಿದ್ದ, ಇಪ್ಪತ್ತೆರಡರ ಹುಡುಗ. ಎಲ್ಲ ಕಡೆಯೂ ಅಂಗಡಿಯವರು ಮಾತಾಡಿದ್ದು ಅವನ ಜೊತೆಯೇ. ನಮಗೆ ಕುರ್ಚಿ, ಕಾಫಿ. ಅವನಿಗೆ ಎಂಜಿನ್ನಿನ ವಿವರ. “ಸಾರ್, 45 ಎಚ್‌ಪಿ ಸಾರ್, ಎಳೆತ ನೋಡಿ ಸಾರ್” ಎಂದು ಒಬ್ಬಾತ ಹೇಳುತ್ತಿದ್ದಾಗ ತಂಗಿ ಲೋಟ ಕೆಳಗಿಟ್ಟು, “ಅಪ್ಪಾ, ಕ್ಲಚ್ಚು ಸಿಂಗಲ್ಲೋ ಡಬಲ್ಲೋ?” ಎಂದು ಕೇಳಿದಳು. ಆತ ಅಲ್ಲಿಂದ ಅವಳ ಕಡೆ ತಿರುಗಿದವನು ಮತ್ತೆ ಹುಡುಗನ ಕಡೆ ನೋಡಲಿಲ್ಲ.

ಈ ಕ್ಲಚ್ಚಿನ ಸಂಗತಿ ಸ್ವಲ್ಪ ವಿವರಿಸಬೇಕು, ಯಾಕೆಂದರೆ ಇಡೀ ಆಯ್ಕೆ ಅದರ ಮೇಲೆಯೇ ನಿಂತಿತ್ತು. ಟ್ರಾಕ್ಟರಿನ ಹಿಂದೆ ಪಿಟಿಒ ಎಂಬ ಒಂದು ಕಡ್ಡಿ ತಿರುಗುತ್ತದೆ; ಹಿಂದೆ ಕಟ್ಟಿದ ಮಿಷನ್ನಿಗೆ ಶಕ್ತಿ ಹೋಗುವುದು ಅದರಿಂದ. ರೋಲು ತುಂಬಿದಾಗ ಟ್ರಾಕ್ಟರು ಮುಂದೆ ಹೋಗುವುದನ್ನು ನಿಲ್ಲಿಸಬೇಕು, ಆದರೆ ಮಿಷನ್ನು ತಿರುಗುತ್ತಲೇ ಇರಬೇಕು. ಆಗಲೇ ದಾರ ಸುತ್ತಿಕೊಳ್ಳುವುದು. ಸಿಂಗಲ್ ಕ್ಲಚ್ಚಿನ ಟ್ರಾಕ್ಟರಿನಲ್ಲಿ ಕ್ಲಚ್ಚು ಒತ್ತಿದರೆ ಗಾಲಿಯೂ ನಿಲ್ಲುತ್ತದೆ, ಪಿಟಿಒ ಕೂಡ ನಿಲ್ಲುತ್ತದೆ. ಪ್ರತಿ ರೋಲಿಗೂ ಗೇರು ತೆಗೆದು ಮತ್ತೆ ಹಾಕುವ ಪಾಡು. ಡಬಲ್ ಕ್ಲಚ್ಚಿನಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಗಾಲಿ ಮಾತ್ರ ನಿಲ್ಲುತ್ತದೆ. ಪಿಟಿಒಗೆ ಬೇರೆಯೇ ಕ್ಲಚ್ಚು ಇರುವ ಟ್ರಾಕ್ಟರುಗಳೂ ಇವೆ. ಅವು ಇನ್ನೂ ಅನುಕೂಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದವರ ಜೊತೆ ಮಾತಾಡುವುದು ನಮಗೆ ಗೊತ್ತಲ್ಲ? ಹಾಗೆ, ಒಂದು ನಿಂತರೂ ಇನ್ನೊಂದು ನಡೆಯುತ್ತಿರಬೇಕು.

ಎರಡನೆಯದು ಎಚ್‌ಪಿ. ಫಲಕದ ಮೇಲೆ ಬರೆದ ಎಚ್‌ಪಿ ಎಂಜಿನ್ನಿನದು. ಪಿಟಿಒಗೆ ತಲುಪುವುದು ಅದಕ್ಕಿಂತ ಕಡಿಮೆ. ಎರಡನ್ನೂ ಕೇಳಿ ಬರೆದುಕೊಳ್ಳಬೇಕು, ಸಂಬಳದಲ್ಲಿ ಒಟ್ಟು ಎಷ್ಟು, ಕೈಗೆ ಬರುವುದೆಷ್ಟು ಎಂದು ಕೇಳುವ ಹಾಗೆ. ನಾವು ನೋಡಿದ ಸಣ್ಣ ಮಿಷನ್ನಿಗೆ 35 ಎಚ್‌ಪಿಯ ಟ್ರಾಕ್ಟರು ಸಾಕು, 40ರ ಮೇಲಿದ್ದರೆ ಹಾಯಾಗಿ ಎಳೆಯುತ್ತದೆ ಎಂದರು. ತೋಟಕ್ಕೆ ಚೆನ್ನಾಗಿರುವ ಪುಟ್ಟ ಟ್ರಾಕ್ಟರುಗಳು ನೋಡಲು ಮುದ್ದಾಗಿದ್ದವು, ಬೆಲೆಯೂ ಕಡಿಮೆ. ಆದರೆ ಬದು ಹತ್ತಿಳಿಯುವಾಗ ಹಿಂದಿನ ಮಿಷನ್ನೇ ಅವನ್ನು ಜಗ್ಗೀತು. ಹಾಗೆಂದು ತೀರಾ ಭಾರದ ಟ್ರಾಕ್ಟರಾದರೆ ತೇವ ಆರದ ಗದ್ದೆಯಲ್ಲಿ ಹೂತುಕೊಳ್ಳುತ್ತದೆ. ಮೂರನೆಯದು, ರೋಲು ಹೊರಬೀಳುವ ಹಿಂಬಾಗಿಲನ್ನು ಎತ್ತಲು ಹೈಡ್ರಾಲಿಕ್ ಪೈಪು ಸಿಕ್ಕಿಸುವ ಬಾಯಿ ಇದೆಯೇ ಎಂಬುದು. ನಾಲ್ಕನೆಯದು, ಬಿಡಿಭಾಗ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದು. ಸುಗ್ಗಿಯ ನಡುವೆ ಒಂದು ಬೇರಿಂಗಿಗಾಗಿ ಎರಡು ದಿನ ಕಾದರೆ ಆ ಎರಡು ದಿನದ ಹುಲ್ಲು ಹೋಯಿತು.

ಐದನೆಯದನ್ನು ನಾನು ಬೇಕೆಂದೇ ಕೊನೆಗೆ ಹೇಳುತ್ತಿದ್ದೇನೆ. ಆ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಒಂಬತ್ತು. ಸೆರಗೋ ಜಡೆಯೋ ಅದಕ್ಕೆ ಸಿಕ್ಕಿದರೆ ಅಯ್ಯೋ ಎನ್ನುವಷ್ಟೂ ಹೊತ್ತಿರುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ಕಿನ ಕವಚ ಇರಬೇಕು. ಗ್ರೀಸು ಹಚ್ಚಲು ತೊಂದರೆ ಎಂದು ಕೆಲವರು ಅದನ್ನು ಕಿತ್ತು ಬಿಸಾಡುತ್ತಾರೆ. ಹುಲ್ಲು ಸಿಕ್ಕಿಕೊಂಡರೆ ಎಂಜಿನ್ನು ಪೂರ್ತಿ ಆರಿಸದೆ ಕೈ ಹಾಕಲೇಬಾರದು. ನಮ್ಮ ಕಡೆ ಹೆಂಗಸರು ಗದ್ದೆ ಕೆಲಸಕ್ಕೆ ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ. ತಂಗಿ ಗಂಡನ ಹಳೆಯ ಅಂಗಿಗಳನ್ನು ಯಾರಿಗೂ ಕೊಡದೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಸೆರಗನ್ನು ಒಳಗೆ ಸೇರಿಸಿ ಗುಂಡಿ ಹಾಕಿಕೊಂಡು, ತುರುಬಿಗೆ ಟವೆಲು ಬಿಗಿದು, “ಈಗ ಸರಿಯೇನಕ್ಕ?” ಎಂದು ನಿಂತಾಗ ನನಗೆ ಒಂದು ಗಳಿಗೆ ಮಾತು ಹೊರಡಲಿಲ್ಲ.

ಬೆಲೆ ನೋಡಿದೆವು. ಬೇಕಾದ ಗುಣಗಳೆಲ್ಲ ಇದ್ದ ಹೊಸ ಟ್ರಾಕ್ಟರಿಗೆ 7 ಲಕ್ಷ ದಾಟುತ್ತಿತ್ತು. 6 ಲಕ್ಷ ಸಾಲ, 5 ವರ್ಷ, ನೂರಕ್ಕೆ 10ರ ಬಡ್ಡಿ ಎಂದರೆ ತಿಂಗಳಿಗೆ 12,700 ರೂಪಾಯಿಗೂ ಮಿಗಿಲಾದ ಕಂತು. ಅವಳ ಹಾಲಿನ ಬಟವಾಡೆ ತಿಂಗಳಿಗೆ ಹದಿಮೂರು ಸಾವಿರದ ಸುತ್ತಮುತ್ತ. ಹಿಂಡಿ, ಬೂಸ ಕಳೆದರೆ ಅದರಲ್ಲಿ ಅರ್ಧ. ಹಸುವನ್ನು ಉಳಿಸಿಕೊಳ್ಳಲು ಟ್ರಾಕ್ಟರು ತಂದು, ಟ್ರಾಕ್ಟರಿನ ಕಂತಿಗೆ ಹಸು ಮಾರುವುದು ಜಾಣತನವಲ್ಲ. ಹಳೆಯದು ಕೊಳ್ಳುವ ಮಾತೂ ಬಂತು. ಸೆಕೆಂಡ್ ಹ್ಯಾಂಡ್ ಟ್ರಾಕ್ಟರಿನಲ್ಲಿ ಎಂಜಿನ್ನಿನಷ್ಟೇ ಮುಖ್ಯವಾಗಿ ಆರ್‌ಸಿ ಪುಸ್ತಕ ನೋಡಬೇಕು. ಹಳೆಯ ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರವಿಲ್ಲದೆ ಮುಂಗಡವನ್ನೂ ಕೊಡಬಾರದು. ನಾವು ನೋಡಿದ ಎರಡರಲ್ಲಿ ಒಂದಕ್ಕೆ ಆ ಪತ್ರ ಇರಲಿಲ್ಲ, ಇನ್ನೊಂದಕ್ಕೆ ಡಬಲ್ ಕ್ಲಚ್ಚು ಇರಲಿಲ್ಲ.

ಆಗ ತಂಗಿ ಒಂದು ಮಾತು ಹೇಳಿದಳು. “ಅಕ್ಕ, ನಮ್ಮೂರಲ್ಲಿ ಏಳು ಟ್ರಾಕ್ಟರ್ ಅವೆ. ವರ್ಸದಲ್ಲಿ ಅರ್ಧ ದಿನ ಸೂರಡಿ ನಿಂತಿರ್ತವೆ. ಎಂಟ್ನೇದು ನಾನ್ಯಾಕ್ ತರ್ಲಿ? ಊರಲ್ಲಿ ಇಲ್ದೆ ಇರೋದು ಸುತ್ತೋ ಮಿಷನ್ನು.”

ಅಂಗಡಿಗಳಲ್ಲಿ ಕಲಿತ ಐದೂ ಪ್ರಶ್ನೆಗಳನ್ನು ಹಿಡಿದು ಊರಿನ ಏಳು ಟ್ರಾಕ್ಟರುಗಳನ್ನು ನೋಡಲು ಹೊರಟೆವು. ಮಗಳಿಗೆ ಗಂಡು ನೋಡಿದ ಹಾಗೆಯೇ ಇತ್ತು. ಒಂದು ಹಳೆಯ ಎಚ್ಎಂಟಿ. ಪಿಂಜೋರಿನ ಕಾರ್ಖಾನೆ 1971ರಿಂದ ತಯಾರಿಸುತ್ತಿದ್ದು 2016ರಲ್ಲಿ ಅದು ನಿಂತುಹೋಯಿತು. ಮಾಲೀಕರು ಅದನ್ನು ಮನೆಯ ಹಿರಿಯನಂತೆ ನೋಡಿಕೊಂಡಿದ್ದರು. ಹಿರಿಯರನ್ನು ದುಡಿಸುವುದು ಬೇಡವೆಂದು ಕೈಮುಗಿದು ಬಂದೆವು. ನಾಲ್ಕಕ್ಕೆ ಸಿಂಗಲ್ ಕ್ಲಚ್ಚು. ಆರನೆಯದು ಎಲ್ಲ ಸರಿ, ಓಡಿಸುವವನು ಮಧ್ಯಾಹ್ನದ ಮೇಲೆ ಕುಡಿಯುತ್ತಾನೆ. ಏಳನೆಯದು 42 ಎಚ್‌ಪಿ, ಡಬಲ್ ಕ್ಲಚ್ಚು, ಶಾಫ್ಟಿನ ಕವಚವೂ ಇದೆ, ಓಡಿಸುವವರು ಮಾಲೀಕರೇ. ಆದರೆ ಆ ಮನೆಗೂ ತಂಗಿಯ ಮನೆಗೂ ಬದುವಿನ ವಿಷಯದಲ್ಲಿ ಹನ್ನೊಂದು ವರ್ಷದಿಂದ ಮಾತಿಲ್ಲ. ಗಂಡ ಸತ್ತಾಗ ಮಣ್ಣಿಗೆ ಬಂದದ್ದು ಬಿಟ್ಟರೆ ಅವರು ಈ ಬೀದಿ ತುಳಿದವರಲ್ಲ.

ಎರಡು ದಿನ ತಂಗಿ ಏನೂ ಹೇಳಲಿಲ್ಲ. ಮೂರನೆಯ ದಿನ ಡೇರಿಗೆ ಹಾಲು ಹಾಕಿ ಬರುವಾಗ ಸೀದಾ ಆ ಮನೆಯ ಜಗುಲಿಗೆ ಹೋದಳು. ನಾನು ಹಿಂದೆ ನಿಂತಿದ್ದೆ.

“ಅಣ್ಣಾ, ಬದದ ಮಾತು ಎತ್ತಕ್ ಬಂದಿಲ್ಲ. ಸುತ್ತೋ ಮಿಷನ್ ತರ್ತಾ ಇವ್ನಿ. ನಿಮ್ಮ ಟ್ರಾಕ್ಟರ್‌ನಂಗೆ ಇನ್ನೊಂದು ಊರಲ್ಲಿಲ್ಲ. ಕಟ್ಟೀರಾ?”

ಆತ ಬೀಡಿ ಆರಿಸಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡಿ, “ಲೆಕ್ಕ ಅಕ್ಕಾರೇ ಬರೀಲಿ. ಬಾಯ್‌ ಲೆಕ್ಕ ಬ್ಯಾಡ” ಎಂದರು. ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದರು. ಹನ್ನೊಂದು ವರ್ಷದ ಮೇಲೆ ಆ ಮನೆಯ ಲೋಟಕ್ಕೆ ತಂಗಿಯ ಕೈ ತಾಗಿತು.

ಕರಾರು ಹೀಗೆ ಬರೆದೆವು. ಪ್ರತಿ ರೋಲಿಗೆ 35 ರೂಪಾಯಿ. ಟ್ರಾಕ್ಟರು, ಡೀಸೆಲು, ಓಡಿಸುವ ಕೂಲಿ ಸೇರಿ ಅವರಿಗೆ 20. ಡೀಸೆಲು ಲೀಟರಿಗೆ ಆಗ ಸುಮಾರು 88 ರೂಪಾಯಿ ಇತ್ತು. ಅದು ಹೆಚ್ಚಾದರೆ ಕೂತು ಮಾತಾಡುವುದು. ದಾರಕ್ಕೆ 2, ರಿಪೇರಿಗೆಂದು ಎತ್ತಿಡುವುದು 3. ತಂಗಿಗೆ ಉಳಿಯುವುದು 10. ವರ್ಷಕ್ಕೆ 80 ಎಕರೆ, 4,000 ರೋಲು ಸುತ್ತಿದರೆ 40,000 ರೂಪಾಯಿ. ಮಿಷನ್ನಿಗೆ ಸಬ್ಸಿಡಿ ಕಳೆದು ಕೈಯಿಂದ ಹಾಕಬೇಕಾದದ್ದು 2 ಲಕ್ಷದ ಹತ್ತಿರ. ಅಸಲು ಐದು ವರ್ಷದಲ್ಲಿ ರೋಲಿನಿಂದ, ಬಡ್ಡಿ ಹಾಲಿನಿಂದ. ಬಿಗಿಯಾದ ಲೆಕ್ಕ, ಆದರೆ ಉಸಿರು ಕಟ್ಟುವಂಥದ್ದಲ್ಲ.

ಸಬ್ಸಿಡಿಯ ವಿಷಯ ಓದುವ ಸೋದರಿಯರು ಗಮನಿಸಬೇಕು. ಕೃಷಿ ಯಂತ್ರಗಳ ಸಹಾಯಧನದಲ್ಲಿ ಸಣ್ಣ ರೈತರ ಜೊತೆಗೆ ಮಹಿಳಾ ರೈತರಿಗೂ ಹೆಚ್ಚಿನ ಪಾಲು ಇಟ್ಟಿದ್ದಾರೆ. ಆದರೆ ಅದಕ್ಕೆ ಪಹಣಿಯಲ್ಲಿ ಹೆಸರಿರಬೇಕು. ಎಷ್ಟೋ ಮನೆಗಳಲ್ಲಿ ಗಂಡ ಹೋಗಿ ಹತ್ತು ವರ್ಷವಾದರೂ ಪೌತಿ ಖಾತೆ ಆಗಿರುವುದಿಲ್ಲ. ದುಡಿಯುವವಳು ಅವಳು, ಪಹಣಿಯಲ್ಲಿ ಮಾವನ ಹೆಸರು. 2022ರಲ್ಲೇ ನಾನು ಹಟ ಹಿಡಿದು ತಂಗಿಯನ್ನು ನಾಡಕಚೇರಿಗೆ ಅಲೆಸಿ ಖಾತೆ ಮಾಡಿಸಿದ್ದೆ. ಆಗ ಅವಳಿಗೆ ಅದು ನನ್ನ ಬ್ಯಾಂಕಿನ ಚಾಳಿ ಎನಿಸಿತ್ತು. ಅರ್ಜಿಯ ಮೇಲೆ ‘ರೈತರ ಹೆಸರು’ ಎಂಬ ಕಡೆ ಅವಳ ಹೆಸರನ್ನೇ ಬರೆದು ಸಹಿ ಹಾಕಿಸಿದಾಗ, ಪೆನ್ನು ಹಿಡಿದುಕೊಂಡೇ ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು.

ಮಿಷನ್ನು ಬಂದದ್ದು 2023ರ ಆಗಸ್ಟಿನಲ್ಲಿ. ಮಳೆ ಬರಲಿಲ್ಲ. ಕನ್ನಂಬಾಡಿ ಕಟ್ಟೆ ಆ ವರ್ಷ ತುಂಬಲಿಲ್ಲ. ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಮಂಡ್ಯದಲ್ಲಿ ದಿನವೂ ಧರಣಿ. ಸರ್ಕಾರ ಮೊದಲು 195 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು, ಆಮೇಲೆ ಆ ಸಂಖ್ಯೆ 223ಕ್ಕೆ ಏರಿತು. ಗೋಣಿತಾಟು ಹೊದಿಸಿದ ಮಿಷನ್ನು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತು. ಬೆಂಗಳೂರಿನಿಂದ ಮಗ ಫೋನು ಮಾಡಿ, “ದೊಡ್ಡಮ್ಮ, ಬೆಳೆಯೇ ಇಲ್ಲದೆ ಹುಲ್ಲೆಲ್ಲಿ ಸುತ್ತುತ್ತಾರೆ?” ಎಂದ. ಅವನ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಕಟ್ಟು ನೀರಿನಲ್ಲಿ ಉಳಿದಷ್ಟು ಗದ್ದೆಗಳು ಡಿಸೆಂಬರಿನಲ್ಲಿ ಕಟಾವಿಗೆ ಬಂದವು. ನಾಲ್ಕು ಸಾವಿರದ ಲೆಕ್ಕ ಹಾಕಿದ್ದ ನನಗೆ ಆ ಸುಗ್ಗಿಯ ಪುಸ್ತಕದಲ್ಲಿ ಸಿಕ್ಕಿದ್ದು 2,140 ರೋಲು. ಕೆಲವರ ಕೈಯಲ್ಲಿ ಕಾಸಿರಲಿಲ್ಲ. ತಂಗಿ ಅವರಿಗೆ ಹೇಳಿದಳು: ಮೂರು ರೋಲು ಸುತ್ತಿದ್ದಕ್ಕೆ ಒಂದು ರೋಲು ಕೊಡಿ, ದುಡ್ಡು ಬೇಡ. ಆ ವರ್ಷ ಒಂದು ರೋಲಿನ ಬೆಲೆ ನೂರರ ಮೇಲಿತ್ತು, ಇಬ್ಬರಿಗೂ ಮೋಸವಿಲ್ಲ. ಟ್ರಾಕ್ಟರಿನ ಪಾಲನ್ನು ಮಾತ್ರ ಹಾಲಿನ ಹಣದಿಂದ ಚುಕ್ತಾ ಮಾಡಿದಳು. ಕಂತಿಗೆ ಕಷ್ಟವಾಯಿತು, ಓಲೆ ಒಂದಷ್ಟು ದಿನ ಗಿರವಿಗೆ ಹೋಗಿ ಬಂತು. ಆದರೆ ತನ್ನ ಗದ್ದೆಯದೂ ಸೇರಿ ಕೊಟ್ಟಿಗೆಯ ಅಟ್ಟದಲ್ಲಿ 350 ರೋಲು ಕೂತವು. 2024ರ ಆ ಸುಡುಬೇಸಿಗೆಯಲ್ಲಿ ಊರಿನಲ್ಲಿ ಎಷ್ಟೋ ಮನೆಯ ರಾಸುಗಳು ಸಂತೆಗೆ ಹೋದವು. ಅವಳ ಮೂರೂ ಗೊಂತಿನಲ್ಲಿ ಉಳಿದವು.

ರೋಲು ಕೂಡಿಡುವುದೂ ಉಪ್ಪಿನಕಾಯಿ ಹಾಕಿದಷ್ಟೇ ಜತನದ ಕೆಲಸ. ತೇವ ಉಳಿದ ಹುಲ್ಲನ್ನು ಸುತ್ತಿಟ್ಟರೆ ಒಳಗೆ ಬಿಸಿಯೇರಿ ಮುಗ್ಗಲಾಗುತ್ತದೆ, ತೀರಾ ಹೆಚ್ಚಾದರೆ ತಾನಾಗಿ ಬೆಂಕಿಯೂ ಹತ್ತೀತು. ನೂರಕ್ಕೆ ಹದಿನೈದರಷ್ಟಕ್ಕೆ ತೇವ ಇಳಿದಿರಬೇಕೆನ್ನುತ್ತಾರೆ. ಅಳೆಯುವ ಉಪಕರಣ ಅವಳಲ್ಲಿಲ್ಲ. ಒಣಗಿದ ಗಾಜಿನ ಬಾಟಲಿಗೆ ಹಿಡಿ ಹುಲ್ಲು ಕತ್ತರಿಸಿ ಹಾಕಿ, ಒಂದು ಚಮಚ ಹುಡಿ ಉಪ್ಪು ಸೇರಿಸಿ ಚೆನ್ನಾಗಿ ಅಲುಗಿಸುತ್ತಾಳೆ. ಉಪ್ಪು ಉದುರುದುರಾಗಿಯೇ ಇದ್ದರೆ ಸುತ್ತಬಹುದು, ಗಂಟು ಕಟ್ಟಿದರೆ ಇನ್ನೊಂದು ಬಿಸಿಲು ಬೇಕು. ಅಟ್ಟದಲ್ಲಿಟ್ಟ ಮೇಲೂ ಕೆಲವು ದಿನ ಕಬ್ಬಿಣದ ಸರಳು ಚುಚ್ಚಿಟ್ಟು, ತೆಗೆದು ಮುಟ್ಟಿ ನೋಡುತ್ತಾಳೆ. ಹಸುವಿಗೆ ಹಾಕುವ ಮೊದಲು ದಾರವನ್ನು ಎಣಿಸಿ ತೆಗೆದು ಮೊಳೆಗೆ ನೇತುಹಾಕುತ್ತಾಳೆ. ಹೊಟ್ಟೆಗೆ ಹೋದ ಪ್ಲಾಸ್ಟಿಕ್ ದಾರ ಹಸುವಿಗೆ ಪ್ರಾಣಾಂತಿಕ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ರಾಗಿ ಹುಲ್ಲು ಅದಕ್ಕಿಂತ ಮೇಲು. ಅದಕ್ಕೇ 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಐವತ್ತು ಲೀಟರು ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಟ್ಟು ಕೊಡುವುದನ್ನೂ ಕಲಿತಿದ್ದಾಳೆ. ಯೂರಿಯಾ ಅಳತೆ ಮೀರಿದರೆ ವಿಷ. ಅದನ್ನು ಅವಳು ಯಾರ ಕೈಗೂ ಬಿಡುವುದಿಲ್ಲ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಆ ಸುಗ್ಗಿಯಲ್ಲಿ 4,600 ರೋಲು. ಹಿಂದಿನ ಬಾಕಿ ತೀರಿ, ಕಂತು ಹೊತ್ತಿಗೆ ಸರಿಯಾಗಿ ಹೋಯಿತು. ಓಲೆ ಕಿವಿಯಲ್ಲೇ ಉಳಿಯಿತು. ಟ್ರಾಕ್ಟರಿನವರು ಒಂದು ದಿನ ತಾವಾಗಿಯೇ ಗದ್ದೆಯ ಅಂಚಿನಲ್ಲಿ ಟ್ರಾಕ್ಟರು ನಿಲ್ಲಿಸಿ, ಆ ಬದುವನ್ನು ಸರ್ವೆಯವರನ್ನು ಕರೆಸಿ ಅಳೆಸಿಬಿಡೋಣ, ಬಂದದ್ದು ಬರಲಿ ಎಂದರಂತೆ. ಅಳೆಸಿದಾಗ ಒಂದೂವರೆ ಅಡಿ ಅತ್ತ ಹೋಯಿತು. ತಂಗಿ ಹೋಗಲಿ ಎಂದಳು. ಸತ್ತವರ ಹಟವನ್ನು ಇದ್ದವರು ಎಷ್ಟು ದಿನ ಹೊರುವುದು!

ಕಳೆದ ಸಲ ನಾನು ಹೋದಾಗ ಪಕ್ಕದ ಊರಿನಿಂದ ಒಬ್ಬ ಹೆಣ್ಣುಮಗಳು ಬಂದು ಜಗುಲಿಯಲ್ಲಿ ಕೂತಿದ್ದಳು. ನಾಲ್ಕು ಹಸು ಕಟ್ಟಿದ್ದಾಳಂತೆ, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಸಿಗುತ್ತದಂತೆ. “ಯಾವ ಟ್ರಾಕ್ಟರ್ ತಗಳ್ಳಾದು ಒಳ್ಳೇದಕ್ಕ?” ಎಂದು ಕೇಳಿದಳು. ತಂಗಿ ಒಳಗೆ ಹೋಗಿ ನನ್ನ ಹಳೆಯ ಲೆಕ್ಕದ ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ತಂದು ಅವಳ ಮುಂದಿಟ್ಟು ಹೇಳಿದಳು:

“ಟ್ರಾಕ್ಟರ್ ಆಮ್ಯಾಕೆ ಕನವ್ವ. ಮೊದ್ಲು ನಿನ್ ನಾಕು ಹಸ ದಿನಕ್ಕೆ ಎಷ್ಟ್ ಹುಲ್ಲು ತಿಂತವೆ, ಅದ್ನ ಬರಿ.”